ಕುರ್ಚಿ ಮತ್ತು ಕಟಕಟೆ

ಆಗಸ್ಟ್ ೩, ೧೯೩೬, ಸೋಮವಾರ

ಸಿಟ್ಟು ಇನ್ನೂ ಇಳಿದಿಲ್ಲ. ಈ ಸಿಟ್ಟನ್ನು ಯಾರ ಮುಂದೆ ಆಡಿದರೂ ನಾಳೆ ಸದಾಶಿವ ಪೇಟೆಯ ಎಲ್ಲ ವಾಡೆಮನೆಗಳಿಗೂ ಮುಟ್ಟುತ್ತದೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಇಂದು ಸಂಜೆ ವಸತಿಗೃಹದ ಸಮಿತಿಯಲ್ಲಿ ಗೌರಾಬಾಯಿ ಎದ್ದು ನಿಂತು, ರಾಧಕ್ಕನನ್ನು ಅಧ್ಯಕ್ಷಸ್ಥಾನದಿಂದ ತೆಗೆಯಬೇಕು ಎಂದಳು. ರಾಧಕ್ಕನನ್ನು! ಕನ್ನಡದ ಹೆಣ್ಣುಮಕ್ಕಳು ಪುಣೆಯಲ್ಲಿ ಉಳಿದು ಓದಲು ಶನಿವಾರ ಪೇಟೆಯಲ್ಲಿ ಒಂದು ಮನೆ ಇದೆಯೆಂದರೆ ಅದು ಆಕೆಯಿಂದ. ಮದುವೆಯಾಗಿ ಧಾರವಾಡದಿಂದ ಬಂದಾಗ ನನಗೆ ಮರಾಠಿಯಲ್ಲಿ ಕೊತ್ತಂಬರಿ ಕೇಳಲೂ ಬರುತ್ತಿರಲಿಲ್ಲ. ಅಂಥವಳನ್ನು ಮೆಟ್ರಿಕ್ ಪರೀಕ್ಷೆಗೆ ಕೂಡ್ರಿಸಿದವಳು, ಸಭೆಯಲ್ಲಿ ಎದ್ದು ಮಾತಾಡಲು ಕಲಿಸಿದವಳು, ಕೊನೆಗೆ ಸಮಿತಿಯ ಕಾರ್ಯದರ್ಶಿ ಮಾಡಿದವಳು ರಾಧಕ್ಕ. ಗೌರಾಬಾಯಿ ದಂಡಿನ ಕ್ಯಾಂಪಿನ ಕಡೆ ನರ್ಸ್ ಕೆಲಸ ಮಾಡುವವಳು, ಸಮಿತಿಗೆ ಬಂದು ಇನ್ನೂ ಎರಡನೆಯ ವರ್ಷ.

ಆರೋಪ ಭಾಮಾಳ ವಿಷಯದ್ದು. ಆ ಹುಡುಗಿಯನ್ನು ಬೇಸಿಗೆಯಲ್ಲಿ ಗೌರಾಬಾಯಿಯೇ ತಂದು ಬಿಟ್ಟಿದ್ದಳು. ಅವಳು ವಿಧವೆ ಎಂದು ನಮಗೆಲ್ಲ ತಿಳಿಸಲಾಗಿತ್ತು. ಅಲ್ಲವಂತೆ. ಚಿಕ್ಕೋಡಿಯಲ್ಲಿ ಗಂಡನಿದ್ದಾನೆ, ಅವಧೂತ ಎಂದು. ಅವನ ಹೊಡೆತ ತಾಳಲಾರದೆ ಓಡಿಬಂದವಳಂತೆ. ನಿಜ ಗೊತ್ತಿದ್ದದ್ದು ಗೌರಾಬಾಯಿಗೆ ಮತ್ತು ರಾಧಕ್ಕನಿಗೆ ಮಾತ್ರ. ಕಳೆದ ತಿಂಗಳು ನಾಗಪಂಚಮಿಯ ದಿನ ಹುಡುಗಿಯರೆಲ್ಲ ಪರ್ವತಿ ಗುಡ್ಡಕ್ಕೆ ಹೋಗಿದ್ದಾಗ ಅವಧೂತನೂ ಅವನ ತಂದೆ ಏಕನಾಥರಾಯನೂ ಹಿತ್ತಲ ಬಾಗಿಲಿನಿಂದ ಬಂದು ಅವಳನ್ನು ಟಾಂಗಾದಲ್ಲಿ ಹಾಕಿಕೊಂಡು ಹೋದರು. ಗಂಡ ಹೆಂಡತಿಯನ್ನು ಕರೆದುಕೊಂಡು ಹೋದರೆ ನಮಗೇನು ಎಂದು ಪೋಲೀಸರು ಕೈ ತೊಳೆದುಕೊಂಡರು.

"ಅವರಿಗೆ ಹೇಳಿ ಕರಸಿದವರು ರಾಧಾಬಾಯಾರ" ಎಂದಳು ಗೌರಾಬಾಯಿ.

"ನೀವು ನೋಡೀರೇನು?" ಎಂದೆ.

"ನೋಡಿಲ್ಲ."

"ಕಿವಿಲೆ ಕೇಳೀರೇನು?"

"ಇಲ್ಲ. ಆದ್ರ ಮತ್ಯಾರು ಹೇಳಬೇಕ್ರಿ?"

ಮತ್ಯಾರು! ಇದು ಪುರಾವೆಯಂತೆ. ರಾಧಕ್ಕ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡಳು. ನಮ್ಮ ನಿಯಮದಲ್ಲಿ "ಆರೋಪವು ಸಿದ್ಧವಾದಲ್ಲಿ, ಅಧ್ಯಕ್ಷರನ್ನು ಬಿಟ್ಟು ಉಳಿದ ಐವರಲ್ಲಿ ನಾಲ್ವರ ಮತದಿಂದ" ತೆಗೆಯಬಹುದು ಎಂದಿದೆ. ಸಿದ್ಧವಾಗಲಿ, ನೋಡೋಣ. ಐವರಲ್ಲಿ ನಾನೂ ಒಬ್ಬಳು.

ಆಗಸ್ಟ್ ೪, ಮಂಗಳವಾರ

ರಾಧಕ್ಕನ ಪರವಾಗಿ ಇವರು ನಿಲ್ಲುತ್ತಾರೆ! ಬೆಳಿಗ್ಗೆಯೇ ಆಕೆ ಹೇಳಿಕಳಿಸಿದ್ದಳು, ಇವರು ಒಪ್ಪಿಕೊಂಡರು. ಇಡೀ ಪುಣೆಯ ಫೌಜದಾರಿ ವಕೀಲರಲ್ಲಿ ನನ್ನ ಯಜಮಾನರಷ್ಟು ಸಾಕ್ಷಿಯನ್ನು ಸೀಳಿ ನೋಡುವವರು ಕೆಲವರೇ. ನಾನು ಮತ ಹಾಕುವವಳು, ಇವರು ವಾದಿಸುವವರು. ಹೀಗಾದರೆ ಯಾರಾದರೂ ತಕರಾರು ತೆಗೆದಾರು ಎಂದೆ. "ತಗೀಲಿ. ನೀ ನಿನ್ನ ಮತಾ ಹಾಕಾಕಿ. ನಿನ್ನ ಬುದ್ಧಿ ನಿನಗದ" ಎಂದು ನಕ್ಕರು.

ಊಟಕ್ಕೆ ಕೂತಾಗ ತಿಳಿಸಿ ಹೇಳಿದರು: ಆರೋಪಿಯ ಮೇಲೆ ಎಳ್ಳಷ್ಟು ಸಂಶಯ ಉಳಿದರೂ ಅದರ ಲಾಭ ಆರೋಪಿಗೇ ಸೇರಬೇಕು. ಖೂನಿಯವನಿಗೆ ಸಲ್ಲುವ ಈ ನ್ಯಾಯ ರಾಧಾಬಾಯಿಯವರಿಗೆ ಸಲ್ಲಬಾರದೆ? ವಿಲಾಯತಿಯ ಪಾರ್ಲಿಮೆಂಟು ವಾರನ್ ಹೇಸ್ಟಿಂಗ್ಸನನ್ನು ವಿಚಾರಣೆಗೆ ನಿಲ್ಲಿಸಿದಾಗ ದೊಡ್ಡ ದೊಡ್ಡ ಲಾರ್ಡುಗಳೇ ಕೋರ್ಟಿನ ಸಾಕ್ಷ್ಯದ ನಿಯಮ ಹಿಡಿದು ನಡೆದರಂತೆ. ಏಳು ವರ್ಷ ನಡೆದು ಕಡೆಗೆ ಅವನು ಬಿಡುಗಡೆಯಾದ.

ಎಷ್ಟು ಸರಿಯಾದ ಮಾತು. ಗೌರಾಬಾಯಿಯನ್ನು ಇವರ ಮುಂದೆ ಕೂಡ್ರಿಸಬೇಕು, ಅವಳ ಬಾಯಿ ಕಟ್ಟೀತು.

ಆಗಸ್ಟ್ ೯, ರವಿವಾರ

ಮೊದಲನೆಯ ಬೈಠಕ್. ಮಳೆ ಹಿಡಿದುಕೊಂಡಿತ್ತು. ಐವರೂ ಬಂದಿದ್ದೆವು: ನಾನು, ಗೌರಾಬಾಯಿ, ಅರಿವೆ ವ್ಯಾಪಾರಿ ಶಿವಪುತ್ರಪ್ಪನವರು, ಮಾಸ್ತರಿಕೆಯಿಂದ ನಿವೃತ್ತರಾದ ರಘುರಾಮರಾಯರು, ಆಮೇಲೆ ನಮ್ಮ ಹುಡುಗಿಯರಿಗೆ ಔಷಧ ಕೊಡುವ ಡಾಕ್ಟರರು.

ವಸತಿಗೃಹದ ಪಹರೆಯವ ಫಕೀರಪ್ಪನನ್ನು ಕರೆದರು. ಪಂಚಮಿಯ ದಿನ ಅಧ್ಯಕ್ಷರು ತನ್ನನ್ನು ಕ್ಯಾಂಪಿಗೆ ಔಷಧ ತರಲು ಕಳಿಸಿದರು, ತಾನು ತಿರುಗಿ ಬರುವಷ್ಟರಲ್ಲಿ ಹುಡುಗಿ ಇರಲಿಲ್ಲ, ಹಿತ್ತಲ ಬಾಗಿಲ ಅಗಳಿ ತೆಗೆದಿತ್ತು ಎಂದ.

ಇವರು ಎದ್ದರು. "ಅಗಳಿ ಯಾರು ತಗದ್ರು ಅನ್ನೂದು ನೀ ಕಣ್ಣಿಲೆ ನೋಡಿಯೇನು?"

"ಇಲ್ರಿ ಸಾಹೇಬ್ರ."

"ಬಾಯಿಯವರು ಯಾವಾಗರೆ ಚಿಕ್ಕೋಡಿಯವರ ಕೂಡ ಮಾತಾಡಿದ್ದು ನೋಡಿಯೇನು?"

"ಇಲ್ರಿ."

"ಮುಂಚೇನೂ ನಿನ್ನ ಔಷಧಕ್ಕ ಕಳಸತಿದ್ದಿಲ್ಲೇನು?"

"ಕಳಸತಿದ್ರಿ."

"ಗೌರಾಬಾಯಾರಿಗೂ ಹುಡುಗೀ ಗುಟ್ಟು ಗೊತ್ತಿತ್ತು. ಅವರೇ ಯಾಕ ಹೇಳಿರಬಾರದು?"

ಗೌರಾಬಾಯಿ ಎದ್ದೇ ನಿಂತಳು, ಮುಖ ಕೆಂಡವಾಗಿತ್ತು. ಇವರು ಅವಳತ್ತ ನೋಡಲೂ ಇಲ್ಲ. ಏನು ವಾದ, ಏನು ಧೈರ್ಯ! ರಘುರಾಮರಾಯರು ತಲೆದೂಗಿದರು. ರಾಧಕ್ಕ ನನ್ನ ಕಡೆ ನೋಡಿ ಮುಗುಳ್ನಕ್ಕಳು.

ಹಾಗಿದ್ದೂ ಮನೆಗೆ ಬಂದ ಮೇಲೆ ಮನಸ್ಸು ಹದಗೆಟ್ಟಿದೆ. ಮಳೆಯಲ್ಲಿ ನೆನೆದದ್ದಕ್ಕಿರಬೇಕು. ಪಂಚಮಿಗೆ ಎಲ್ಲರೂ ಗುಡ್ಡಕ್ಕೆ ಹೊರಟಾಗ ಭಾಮಾ ತಾನೂ ಬರುತ್ತೇನೆಂದು ಹಟ ಮಾಡಿದ್ದಳಂತೆ, ಯಾರಾದರೂ ನೋಡಿಯಾರು ಎಂದು ರಾಧಕ್ಕನೇ ಅವಳನ್ನು ನಿಲ್ಲಿಸಿದಳಂತೆ. ಹುಡುಗಿಯರು ಹೇಳಿದರು. ಅದು ಕಾಳಜಿಯಿಂದಲೇ.

ಆಗಸ್ಟ್ ೧೧, ಮಂಗಳವಾರ

ತುಳಶೀಬಾಗದಲ್ಲಿ ಗೌರಾಬಾಯಿ ಅಡ್ಡ ಬಂದಳು. ಬಳೆ ಅಂಗಡಿಯ ಮುಂದೆ, ಎಲ್ಲರ ಎದುರಿಗೆ!

"ಉಮಾವತಿಬಾಯಾರ, ಒಂದ ಮಾತು. ನಾವು ರಾಧಾಬಾಯಾರನ್ನ ಜೇಲಿಗೆ ಕಳಸಾಕ ಹೊಂಟಿಲ್ಲ. ಗಲ್ಲಿಗೆ ಹಾಕಾಕ ಹೊಂಟಿಲ್ಲ. ಕುರ್ಚಿ ಬಿಡ್ರಿ ಅಂತೀವಿ, ಅಷ್ಟ. ಅದಕ್ಕ ಗಲ್ಲಿನ ಪುರಾವಾ ಕೇಳತೀರಲ್ಲ, ಇದ್ಯಾವ ನ್ಯಾಯಾ?"

"ಮಾನಾ ಹೋದ್ರ ಗಲ್ಲೇ ಆತು" ಎಂದೆ.

"ಅವರ ಮಾನಾ ಹೋದ್ರ ಅವರು ಮನ್ಯಾಗ ಕುಂದರತಾರ. ಇನ್ನೊಂದ ಹುಡುಗೀನ್ನ ಹಿಂಗ ಒಯ್ದ್ರ ಅಕಿ ಎಲ್ಲಿ ಕುಂದರಬೇಕು?"

ತಿರುಗಿ ಬಂದುಬಿಟ್ಟೆ. ಎಂಥ ಹೆಣ್ಣು! ಬಳೆಯನ್ನೂ ಕೊಳ್ಳಲಿಲ್ಲ. ದಾರಿಯುದ್ದಕ್ಕೂ ಕೊಡಬೇಕಿದ್ದ ಉತ್ತರಗಳು ಒಂದೊಂದಾಗಿ ಹೊಳೆದವು. ಮನೆ ಮುಟ್ಟುವಷ್ಟರಲ್ಲಿ ಅವು ಯಾವುವೂ ನೆಟ್ಟಗಿಲ್ಲವೆನಿಸಿತು, ಅದಕ್ಕೂ ಅವಳ ಮೇಲೇ ಸಿಟ್ಟು ಬಂತು.

ಆಗಸ್ಟ್ ೧೬, ರವಿವಾರ

ಎರಡನೆಯ ಬೈಠಕ್. ಭಾಮಾಳ ತಾಯಿ ರಂಗೂಬಾಯಿ ಗೋಕಾಕದಿಂದ ಬಂದಿದ್ದಳು. ರಾತ್ರಿಯೆಲ್ಲ ರೈಲಿನಲ್ಲಿ ಕೂತು ಬಂದು ಕಾಲುಗಳು ಊದಿಕೊಂಡಿದ್ದವು. ಕುರ್ಚಿ ಕೊಟ್ಟರೂ ನೆಲಕ್ಕೇ ಕೂತಳು.

ಮಗಳನ್ನು ನೋಡಲು ಬೀಗರ ಮನೆಗೆ ಹೋಗಿದ್ದಳಂತೆ. ಹಿತ್ತಲ ಕೋಣೆಯಲ್ಲಿ ಕೂಡಿಹಾಕಿದ್ದಾರೆ. ಕಿಟಕಿಯಿಂದ ಕೈಯಷ್ಟೇ ಕಂಡಿತು, ಮಾತಾಡಲು ಬಿಡಲಿಲ್ಲ. ಏಕನಾಥರಾಯ ಜಗುಲಿಯಲ್ಲಿ ಕೂತು ಹೇಳಿದನಂತೆ: "ಪುಣೇದಾಗ ಶಾಣ್ಯಾರದಾರ. ಅಲ್ಲೀ ಬಾಯಾರೇ ನಮಗ ದಾರಿ ತೋರಿಸಿದ್ರು."

ಇವರು ತಟ್ಟನೆ ಎದ್ದರು. ಏಕನಾಥರಾಯ ಇಲ್ಲಿಗೆ ಬಂದು ಹೇಳಿಲ್ಲ, ಮತ್ತೊಬ್ಬರ ಬಾಯಿಂದ ಕೇಳಿದ್ದು ಸಾಕ್ಷಿಯಲ್ಲ, ಅದನ್ನು ತೆಗೆದುಹಾಕಬೇಕು. ತೆಗೆದುಹಾಕಿದೆವು. ಕಾರ್ಯದರ್ಶಿ ನಾನೇ ಅಲ್ಲವೆ? ನಡಾವಳಿಯಲ್ಲಿ ನಾನೇ ಗೀರು ಎಳೆದೆ.

ಆಮೇಲೆ ಇವರು ಆ ಮುದುಕಿಯನ್ನು ಕೇಳಿದರು: "ಮಗಳು ಮೊದಲೂ ಓಡಿ ಬಂದಿದ್ದಳಲ್ಲ? ಆವಾಗ ಅಕೀನ್ನ ತಿರುಗಿ ಗಂಡನ ಮನೀಗೆ ಬಿಟ್ಟು ಬಂದವರು ಯಾರು?"

ರಂಗೂಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು.

"ಯಾರು, ಹೇಳ್ರಿ."

"ನಾನ ರೀ" ಎಂದಳು. ಸೆರಗು ಬಾಯಿಗೆ ಹಿಡಿದಳು. ಅಳುವ ಸದ್ದು ಹೊರಗೆ ಬರಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು.

"ತಾಯೀನೇ ಬಿಟ್ಟು ಬಂದಾಳ. ಬ್ಯಾರೆಯವರ ಮ್ಯಾಲೆ ಆರೋಪ ಹ್ಯಾಂಗ?" ಎಂದು ಇವರು ಕೂತರು. ರಘುರಾಮರಾಯರು ಭೇಷ್ ಎಂದರು. ರಾಧಕ್ಕ ಎದ್ದು ಒಳಗೆ ಹೋಗಿ ಎಲ್ಲರಿಗೂ ಚಹಾ ಹೇಳಿಬಂದಳು. ರಂಗೂಬಾಯಿಯ ಪಕ್ಕದಿಂದಲೇ ಹೋದಳು, ಪಕ್ಕದಿಂದಲೇ ಬಂದಳು.

ತಲೆ ಸಿಡಿಯುತ್ತಿದೆ. ಅಡಿಗೆ ಮನೆಯಲ್ಲಿ ಹಿತ್ತಾಳೆ ಪಾತ್ರೆ ಕುಕ್ಕಿಟ್ಟಾಗ ಇವರು "ಏನಾತು?" ಎಂದರು. ಏನೂ ಆಗಿಲ್ಲ. ಪಾತ್ರೆ ಕೈಜಾರಿತು.

ಆಗಸ್ಟ್ ೧೮, ಮಂಗಳವಾರ

ರಾಧಕ್ಕ ಬಂದಿದ್ದಳು. ಇವರು ಕೋರ್ಟಿಗೆ ಹೋಗಿದ್ದರು. ಇಂದಿನಿಂದ ಅಧಿಕ ಮಾಸ, ಅದಕ್ಕೆ ಅಕ್ಕಿಹಿಟ್ಟು ಬೆಲ್ಲದ ಅನಾರಸ ಮಾಡಿದ್ದೆ, ಕೊಟ್ಟೆ. ಎರಡು ತಿಂದಳು, ಹದ ಚೆನ್ನಾಗಿದೆ ಎಂದಳು.

"ಡಾಕ್ಟರ್ ಯಾ ಕಡೆ ಅದಾರ?"

"ಗೊತ್ತಿಲ್ಲಕ್ಕಾ."

"ಶಿವಪುತ್ರಪ್ಪ ಹೋದಾ, ಅಂವಾ ಅಕೀ ಕಡೆ. ರಘುರಾಮರಾಯರು ನಮ್ಮವರು. ನೀ ಅಂತೂ ಇದ್ದೀ. ಅವರಿಗೆ ನಾಲ್ಕು ಆಗೂದೇ ಇಲ್ಲ."

ಕೂತಷ್ಟು ಹೊತ್ತು ಅದೇ ಲೆಕ್ಕ. ರಂಗೂಬಾಯಿಯ ಕಾಲಿನ ಬಾವು ಇಳಿಯಿತೆ ಎಂದಾಗಲಿ, ಭಾಮಾಳಿಗೆ ಊಟವನ್ನಾದರೂ ಕೊಡುತ್ತಾರಂತೆಯೆ ಎಂದಾಗಲಿ ಆಕೆ ಕೇಳಲಿಲ್ಲ. ನಾನೇ ಮಾತು ತೆಗೆದೆ. "ಅಕ್ಕಾ, ಆ ಹುಡುಗೀನ್ನ ಕೋಣ್ಯಾಗ ಹಾಕ್ಯಾರಂತ."

"ಹೆಣ್ಣುಮಗಳು ಗಂಡನ ಮನ್ಯಾಗ ಇದ್ದಾಳಲ್ಲ, ಬೀದ್ಯಾಗ ಅಂತೂ ಇಲ್ಲ. ನೋಡು ಉಮಾ, ಗಂಡಂದಿರನ್ನ ಬಿಟ್ಟು ಓಡಿಬಂದವರನ್ನ ಇಟಗೋತಾರ ಅಂತ ಸುದ್ದಿ ಹಬ್ಬಿದ್ರ ಯಾವ ತಂದಿ ತನ್ನ ಮಗಳನ್ನ ನಮ್ಮಲ್ಲಿ ಕಳಸತಾನ? ಒಬ್ಬಾಕೀ ಸಲುವಾಗಿ ಮೂವತ್ತು ಹುಡುಗೀರ ಓದು ಹಾಳಾಗಬೇಕೇನು?"

"ಹಂಗಾದ್ರ…" ಎಂದೆ. ಆಕೆ ನನ್ನ ಮುಖ ನೋಡಿದಳು.

"ನಾ ಹೇಳಿ ಕಳಿಸೀನಿ ಅಂತ ನಾ ಎಲ್ಲೂ ಅಂದಿಲ್ಲ" ಎಂದಳು. ಎದ್ದು ಹೊರಟಳು.

ಇದು ಒಪ್ಪಿಗೆಯೂ ಅಲ್ಲ, ನಿರಾಕರಣೆಯೂ ಅಲ್ಲ. ಕೋರ್ಟಿನಲ್ಲಿ ಇದನ್ನು ಹೇಳಿದರೆ ಇವರು ಒಂದು ನಿಮಿಷದಲ್ಲಿ ಚಿಂದಿ ಮಾಡುತ್ತಾರೆ, ಬಲ್ಲೆ. ಉಳಿದ ಅನಾರಸವನ್ನೆಲ್ಲ ಎತ್ತಿ ಕೆಲಸದವಳಿಗೆ ಕೊಟ್ಟುಬಿಟ್ಟೆ.

ಆಗಸ್ಟ್ ೨೦, ಗುರುವಾರ

ಜಗಳ. ಹದಿನಾರು ವರ್ಷದ ಸಂಸಾರದಲ್ಲಿ ಇಂಥದ್ದು ಆಗಿರಲಿಲ್ಲ.

ಶುರುಮಾಡಿದವಳು ನಾನೇ. ಹೋದ ವರ್ಷ ಇವರು ತಮ್ಮ ಗುಮಾಸ್ತನನ್ನು ಬಿಡಿಸಿದ್ದು ಏತಕ್ಕೆ ಎಂದು ಕೇಳಿದೆ. ನಮ್ಮ ಕಡೆಯ ಮಾತನ್ನು ಎದುರು ಪಾರ್ಟಿಗೆ ಮುಟ್ಟಿಸುತ್ತಾನೆಂದು ಸಂಶಯ ಬಂದಿತ್ತು, ಅದಕ್ಕೆ ಎಂದರು.

"ನೋಡಿದ್ರೇನು?"

"ಇಲ್ಲ."

"ಸಾಕ್ಷಿ ಇತ್ತೇನು?"

"ಅದು ಬ್ಯಾರೆ ಉಮಾ. ಪಕ್ಷಗಾರರು ನನ್ನ ನಂಬಿ ಬಂದಿರತಾರ. ಸಂಶಯ ಇದ್ದ ಮನುಷ್ಯಾನ್ನ ಮನ್ಯಾಗ ಇಟಗೊಂಡು ಹ್ಯಾಂಗ ಕೆಲಸಾ ಮಾಡ್ಲಿ?"

"ಹುಡುಗೀರೂ ನಂಬೇ ಬಂದಿರತಾರ."

"ಹಂಗಂದ್ರ ನಾಳೆ ಯಾರೋ ನಿನ್ನ ಮ್ಯಾಲೆ ಆರೋಪಾ ಹೊರಸತಾರ. ಗಾಳಿಮಾತು ಸಾಕಾಗತದ ಏನು? ಪುರಾವಾ ಇಲ್ಲದೆ ಜನರನ್ನ ತಗೀಲಿಕ್ಕೆ ಹತ್ತಿದ್ರ ಯಾರು ಉಳೀತಾರ ಹೇಳು. ಎದುರಾಳಿ ಆದವರನ್ನೆಲ್ಲಾ ತಗದು ಒಗೀತಾರ. ಹೇಸ್ಟಿಂಗ್ಸನಂಥವನಿಗೂ—"

"ಏಳು ವರ್ಷ ಅಂದ್ರಿ. ಭಾಮಾ ಏಳು ವರ್ಷ ಆ ಕೋಣ್ಯಾಗ ಇರಬೇಕೇನು?"

ಇವರು ತಟ್ಟೆ ಸರಿಸಿ ಎದ್ದುಹೋದರು.

ಆದರೆ ಇವರ ಮಾತಿನಲ್ಲೂ ಸತ್ಯ ಇದೆಯಲ್ಲ! ಅದೇ ನನ್ನನ್ನು ಉರಿಸುತ್ತಿದೆ. ಗಾಳಿಮಾತಿಗೆ ಹೆದರಬೇಕು, ಹೌದು. ಆದರೆ ಗಾಳಿಮಾತಿಗೂ ಗಲ್ಲಿನ ಪುರಾವೆಗೂ ನಡುವೆ ಏನೂ ಇಲ್ಲವೆ? ನಮ್ಮ ನಿಯಮವೂ ಆರೋಪ ಸಿದ್ಧವಾಗಬೇಕು ಎನ್ನುತ್ತದೆ, ಎಷ್ಟು ಪುರಾವೆಯಿಂದ ಎನ್ನುವುದಿಲ್ಲ. ಮನೆಯ ಸಂಸಾರವನ್ನೆಲ್ಲ ನಾವು ಆ ನಡುವಿನ ಜಾಗದಲ್ಲೇ ನಿಂತು ನಡೆಸುತ್ತೇವೆ. ಹಾಲಿನವನನ್ನು, ಅಡಿಗೆಯವಳನ್ನು, ಮಗಳಿಗೆ ನೋಡುವ ವರನನ್ನು ಅಲ್ಲಿಂದಲೇ ತೂಗುತ್ತೇವೆ. ಶಿಕ್ಷೆ ಕೊಡುವುದು ಬೇರೆ, ನಂಬಿ ಒಪ್ಪಿಸಿಕೊಡುವುದು ಬೇರೆ. ರಾಧಕ್ಕನ ಕೈಗೆ ಇನ್ನೊಂದು ಹುಡುಗಿಯನ್ನು ಒಪ್ಪಿಸುತ್ತೇನೆಯೆ? ನನ್ನನ್ನು ಕೇಳಿದ್ದು ಇಷ್ಟೇ. ಇದನ್ನು ಕೇಳಲು ನನಗೆ ಇಷ್ಟು ದಿನ ಬೇಕಾಯಿತು.

ಆಗಸ್ಟ್ ೨೩, ರವಿವಾರ

ಮುಗಿಯಿತು.

ರಘುರಾಮರಾಯರು ಮೊದಲೇ ಎದ್ದು, ಅಧಿಕ ಮಾಸದಲ್ಲಿ ಇಂಥ ನಿರ್ಣಯ ಬೇಡ, ನಿಜ ಭಾದ್ರಪದಕ್ಕೆ ಮುಂದೂಡೋಣ ಎಂದರು. "ಹುಡುಗೀನ್ನ ಕೂಡಿಹಾಕಿದವರು ಮಾಸಾ ನೋಡ್ಯಾರೇನ್ರಿ?" ಎಂದು ಶಿವಪುತ್ರಪ್ಪನವರು ಮೇಜು ಗುದ್ದಿದರು. ಇವರು ಬಹಳ ಚೆನ್ನಾಗಿ ಮಾತಾಡಿದರು. ಒಬ್ಬ ಸಾಕ್ಷಿಯೂ ನೋಡಿಲ್ಲ, ಒಬ್ಬ ಸಾಕ್ಷಿಯೂ ಕೇಳಿಲ್ಲ. ಇಪ್ಪತ್ತು ವರ್ಷ ಸಂಸ್ಥೆಗೆ ದುಡಿದ ಹೆಂಗಸನ್ನು ಊಹೆಯ ಮೇಲೆ ಬೀದಿಗೆ ಹಾಕುತ್ತೀರೇನು ಎಂದರು. ಡಾಕ್ಟರರು ತಲೆ ತಗ್ಗಿಸಿ ಕೂತಿದ್ದರು.

ನಾನು ಎದ್ದೆ. "ಅಧ್ಯಕ್ಷರಿಗೆ ಒಂದು ಪ್ರಶ್ನಾ ಕೇಳೂದದ."

ರಾಧಾಬಾಯಿ ತಲೆಯಾಡಿಸಿದಳು.

"ಭಾಮಾ ಹೋದ ಮ್ಯಾಲೆ ನೀವು ಚಿಕ್ಕೋಡಿಗೆ ಯಾರನ್ನರೆ ಕಳಿಸಿದ್ರೇನು? ಅಕಿ ಹ್ಯಾಂಗಿದ್ದಾಳ ಅಂತ ತಿಳಕೊಂಡ್ರೇನು?"

"ಅದು ಆರೋಪದಾಗ ಇಲ್ಲ" ಎಂದರು ಇವರು.

"ಅಧ್ಯಕ್ಷರು ಹೇಳಲಿ."

"ಅಕಿ ಈಗ ನಮ್ಮ ವಸತಿಗೃಹದ ಹುಡುಗಿ ಅಲ್ಲ" ಎಂದಳು ರಾಧಾಬಾಯಿ. ಶಾಂತವಾಗಿಯೇ ಹೇಳಿದಳು. "ಅಕೀ ಹೆಸರು ತಗದಾಗೇದ."

ಡಾಕ್ಟರರು ತಲೆ ಎತ್ತಿದರು.

ಕೈ ಎತ್ತಿರೆಂದರು. ಗೌರಾಬಾಯಿ ಎತ್ತಿದಳು, ಶಿವಪುತ್ರಪ್ಪನವರು ಎತ್ತಿದರು. ಸ್ವಲ್ಪ ತಡೆದು ಡಾಕ್ಟರರು. ಆಮೇಲೆ ಎಲ್ಲರ ಕಣ್ಣೂ ನನ್ನ ಮೇಲೆ. ಇವರದೂ.

"ರಾಧಾಬಾಯಾರೇ ಮಾಡ್ಯಾರ ಅಂತ ನಾ ಹೇಳೂದಿಲ್ಲ" ಎಂದೆ. "ನನಗ ಗೊತ್ತಿಲ್ಲ. ಇದು ಕಟಕಟಿ ಆಗಿದ್ರ ನಾ ಇವರನ್ನ ಬಿಡತಿದ್ದೆ. ಇದು ಕಟಕಟಿ ಅಲ್ಲ, ಕುರ್ಚಿ. ಇವರ ಕೈಯಾಗ ನನ್ನ ಮಗಳನ್ನ ನಾ ಇನ್ನ ಬಿಡೂದಿಲ್ಲ. ಮಂದೀ ಮಕ್ಕಳನ್ನ ಹ್ಯಾಂಗ ಬಿಡ್ಲಿ?"

ಕೈ ಎತ್ತಿದೆ.

ರಾಧಾಬಾಯಿ ಕುರ್ಚಿಯಿಂದ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು, "ಸಭಾದಾಗ ಮಾತಾಡೂದು ನಿನಗ ನಾನೇ ಕಲಿಸಿದ್ದು" ಎಂದಳು. ಆ ಮಾತು ಇನ್ನೂ ಎದೆಯಲ್ಲಿ ಚುಚ್ಚುತ್ತಿದೆ. ಯಾಕೆ ಚುಚ್ಚಬೇಕು? ಹೌದು, ಕಲಿಸಿದಳು.

ಆಗಸ್ಟ್ ೨೪, ಸೋಮವಾರ

ಗೌರಾಬಾಯಿ ಪೇಡೆ ಹಂಚುತ್ತಿದ್ದಾಳೆ! ನಮ್ಮ ಮನೆಗೂ ಕಳಿಸಿದ್ದಳು. ತಿರುಗಿ ಕಳಿಸಿದೆ. ಭಾಮಾ ಕೋಣೆಯಲ್ಲಿದ್ದಾಳೆ, ಈ ವಯಸ್ಸಿನಲ್ಲಿ ರಾಧಾಬಾಯಿ ತಲೆ ತಗ್ಗಿಸಿ ಮನೆಯಲ್ಲಿ ಕೂತಿದ್ದಾಳೆ. ಇದು ಪೇಡೆ ತಿನ್ನುವ ಗೆಲುವೆ?

ಕುರ್ಚಿ ನನ್ನ ಪಾಲಿಗೆ ಬಂದಿದೆ, ಹೊಸಬರು ಸಿಗುವ ತನಕ.

ಇವರು, ವಕೀಲ ಮಧುಕರರಾಯರು, ಬೆಳಿಗ್ಗೆಯಿಂದ ಮಾತು ಬಿಟ್ಟಿದ್ದಾರೆ.

ಆಗಸ್ಟ್ ೨೭, ಗುರುವಾರ

ನಾನೇ ಅವರ ಕೋಣೆಗೆ ಹೋದೆ. ರಂಗೂಬಾಯಿಯ ಹೆಸರಿನಿಂದ ಚಿಕ್ಕೋಡಿ ಮ್ಯಾಜಿಸ್ಟ್ರೇಟರಿಗೆ ಒಂದು ಅರ್ಜಿ ಬೇಕು, ಭಾಮಾಳನ್ನು ಕೂಡಿಹಾಕಿದ್ದಾರೆಂದು, ಎಂದೆ.

"ಅಲ್ಲಿ ನಿನ್ನ ನಡುವಿನ ಜಾಗಾ ನಡಿಯೂದಿಲ್ಲ" ಎಂದರು, ತಲೆ ಎತ್ತದೆ.

ನಾನು ಇಲ್ಲಿ ಬರೆದದ್ದನ್ನು ಓದಿದ್ದಾರೆಂದಾಯಿತು! ಸಿಟ್ಟು ನೆತ್ತಿಗೇರಿತು. ನುಂಗಿಕೊಂಡೆ. "ನಡಿಯೂದಿಲ್ಲ ಅಂತ ಗೊತ್ತದ. ಅದಕ್ಕೇ ನಿಮ್ಮ ಕಡೆ ಬಂದೀನಿ. ಏನೇನು ಪುರಾವಾ ಬೇಕು ಹೇಳ್ರಿ."

ಮುಂದಿದ್ದ ಕಡತವನ್ನು ಮುಚ್ಚಿದರು. ಆಮೇಲೆ ಕಾಗದ ಎಳೆದುಕೊಂಡರು. "ಕಿಟಕ್ಯಾಗ ಕೈ ಕಂಡಿತ್ತಂತಲ್ಲ. ಆ ಕೋಣಿಗೆ ಹೊರಗಿನಿಂದ ಕೀಲಿ ಇತ್ತೇನು, ಅದನ್ನ ಮೊದಲು ಕೇಳು" ಎಂದರು.

ಸೆಪ್ಟೆಂಬರ್ ೧೦, ಗುರುವಾರ

ಭಾಮಾ ಬಂದಳು.

ನಿನ್ನೆ ಚಿಕ್ಕೋಡಿಯಲ್ಲಿ ಮ್ಯಾಜಿಸ್ಟ್ರೇಟರ ಹುಕುಮು ಹಿಡಿದು ಪೋಲೀಸ್ ಫೌಜದಾರರು ಬಾಗಿಲು ತೆಗೆಸಿದಾಗ ನಾನೂ ಗೌರಾಬಾಯಿಯೂ ಅಂಗಳದಲ್ಲಿದ್ದೆವು. ಏಕನಾಥರಾಯ ಬೈಯುತ್ತಿದ್ದ, ಅವಧೂತ ಎಲ್ಲೋ ಮಾಯವಾಗಿದ್ದ. ಹುಡುಗಿ ಬೆಳಕಿಗೆ ಕಣ್ಣು ಮುಚ್ಚಿಕೊಂಡು ಹೊರಗೆ ಬಂದಳು. ಕೂದಲು ಕತ್ತರಿಸಿದ್ದರು. ತಾಯಿಯ ಕಡೆಗೆ ಹೋಗುವೆಯೋ ಪುಣೆಗೋ ಎಂದು ಕೇಳಿದ್ದಕ್ಕೆ ಪುಣೆ ಎಂದಳು, ಅಷ್ಟೇ ಮಾತು.

ರೈಲು ಮಿರಜ ದಾಟಿದ ಮೇಲೆ ಗೌರಾಬಾಯಿ ನಿದ್ದೆ ಹೋದಳು. ನನಗೆ ತಡೆಯಲಾಗಲಿಲ್ಲ. "ಅವರಿಗೆ ಯಾರು ಹೇಳಿದ್ರು ಅಂತ ನಿನಗ ಗೊತ್ತಾತೇನು?" ಎಂದು ಕೇಳಿದೆ. ಎಷ್ಟು ಆಸೆಯಿಂದ ಕೇಳಿದೆ! ಆಕೆ ಒಂದು ಹೆಸರು ಹೇಳಿದ್ದರೆ ಸಾಕಿತ್ತು.

"ಇಲ್ರೀ. ಅಗಳಿ ತಗದಿತ್ತು. ಅವರು ಬಂದ್ರು" ಎಂದಳು ಭಾಮಾ. ಕಿಟಕಿಯ ಹೊರಗೆ ನೋಡುತ್ತ ಕೂತಳು.

ನನಗೆ ಇನ್ನು ಎಂದೂ ತಿಳಿಯುವುದಿಲ್ಲ. ಕೈ ಎತ್ತಿದ್ದು ಎತ್ತಿದ್ದೇ.

ಇಂದು ಮಧ್ಯಾಹ್ನ ಶನಿವಾರ ಪೇಟೆ ಮುಟ್ಟಿದೆವು. ನಾನೇ ಅವಳನ್ನು ಮಾಳಿಗೆಯ ಕೋಣೆಗೆ ಕರೆದೊಯ್ದೆ, ಹಾಸಿಗೆ ಹಾಸಿ ಕೊಟ್ಟೆ. ಇನ್ನು ಹೆದರಬೇಡ, ಈಗ ಇಲ್ಲಿಯ ಅಧ್ಯಕ್ಷೆ ನಾನು ಎಂದೆ. ಅವಳು ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದಳು. ನಾನು ಹೊರಗೆ ಬಂದ ಕೂಡಲೇ ಒಳಗಿನಿಂದ ಚಿಲಕ ಹಾಕಿದಳು. ಆಮೇಲೆ ಟ್ರಂಕನ್ನು ಬಾಗಿಲಿಗೆ ಒತ್ತಿ ಸರಿಸಿದ ಸದ್ದಾಯಿತು.

ಗೌರಾಬಾಯಿ ಮೆಟ್ಟಿಲ ಮೇಲಿದ್ದಳು. "ಛೇ, ಇದೇನಿದು, ನಿಮ್ಮ ಮ್ಯಾಲೂ ಸಂಶಯಾ! ನೀವ ಅಲ್ಲೇನು ಅಕೀನ್ನ ಬಿಡಿಸಿ ತಂದವರು? ತಗೀ ಅಂತ ಹೇಳ್ರಿ" ಎಂದಳು.

"ಯಾಕ ಹೇಳಬೇಕು?" ಎಂದೆ. "ಅಕೀಗೆ ನನ್ನದೇನು ಗೊತ್ತದ?"

ಸಂಜೆಯ ಊಟದ ತಟ್ಟೆಯನ್ನು ಬಾಗಿಲ ಹೊರಗೆ ಇಡಿಸಿ ಬಂದಿದ್ದೇನೆ.